ಧಕ್ಕೆಯ ದೋಣಿಗಳನ್ನು ಬಿಡದ ಬೂದಾಂ

ಫ್ರಾನ್ಸ್‌ನ ನಾರ್ಮಂಡಿ ಕರಾವಳಿಯಲ್ಲಿ ಟ್ರೂವಿಲ್ ಮತ್ತು ಡೋವಿಲ್ ಪಟ್ಟಣಗಳ ನಡುವೆ ಹರಿಯುವ ಟೂಕ್ ನದಿ ಅಲ್ಲಿಯೇ ಸಮುದ್ರ ಸೇರುತ್ತದೆ. 19ನೇ ಶತಮಾನದಲ್ಲಿ ಈ ನದಿಯ ಧಕ್ಕೆಯುದ್ದಕ್ಕೂ ಮೀನುಗಾರಿಕೆಯ ಹಾಯಿದೋಣಿಗಳು ಸಾಲುಗಟ್ಟಿರುತ್ತಿದ್ದವು. ಇಳಿತದ ವೇಳೆ ಅವು ಕೆಸರಿನಲ್ಲಿ ವಾಲಿ ನಿಲ್ಲುವುದನ್ನೂ, ಉಬ್ಬರಕ್ಕೆ ಮತ್ತೆ ಎದ್ದು ತೇಲುವುದನ್ನೂ ತೈಲವರ್ಣದಲ್ಲಿ ಮತ್ತೆ ಮತ್ತೆ ಚಿತ್ರಿಸಿದ ಕಲಾವಿದ ಯುಜೆನ್ ಬೂದಾಂ.

ದೋಣಿಯ ನಂಟು ಅವರಿಗೆ ಹುಟ್ಟಿನಿಂದಲೇ ಬಂದದ್ದು. 1824ರಲ್ಲಿ ಸೀನ್ ನದಿಯ ಅಳಿವೆಯಲ್ಲಿರುವ ಹಾನ್‌ಫ್ಲೋರ್‌ನಲ್ಲಿ ನಾವಿಕನ ಮಗನಾಗಿ ಜನಿಸಿದ ಅವರು ಬಾಲ್ಯದಲ್ಲೇ ಹಡಗಿನಲ್ಲಿ ದುಡಿದರು. ಮುಂದೆ ಲೆ ಹಾವ್ರ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯ ಪಾಲುದಾರರಾದರು. ಅಂಗಡಿಗೆ ಬರುತ್ತಿದ್ದ ಕಲಾವಿದರ ಒಡನಾಟವೇ ಅವರನ್ನು ಕುಂಚದತ್ತ ಸೆಳೆಯಿತು. 1851ರಲ್ಲಿ ನಗರಾಡಳಿತ ನೀಡಿದ ವಿದ್ಯಾರ್ಥಿವೇತನದಿಂದ ಪ್ಯಾರಿಸ್‌ಗೆ ಹೋದರೂ ಮನಸ್ಸು ಕರಾವಳಿಯಲ್ಲೇ ಉಳಿಯಿತು. ಆಕಾಶದ ಅಧ್ಯಯನ ಚಿತ್ರಗಳ ಅಂಚಿನಲ್ಲಿ ದಿನ, ಹೊತ್ತು, ಗಾಳಿಯ ದಿಕ್ಕನ್ನೂ ಬರೆದಿಡುತ್ತಿದ್ದುದು ನಾವಿಕನ ಮಗನಿಗೆ ತಕ್ಕ ಅಭ್ಯಾಸವೇ ಸರಿ.

ಹದಿಹರೆಯದ ಕ್ಲಾಡ್ ಮೋನೆಗೆ ಬಯಲಿನಲ್ಲಿ ನಿಂತು ಚಿತ್ರಿಸಲು ಕಲಿಸಿದವರು ಬೂದಾಂ. ಕಲಾಚರಿತ್ರೆ ಅವರನ್ನು ಹೆಚ್ಚಾಗಿ ಇದೊಂದೇ ಕಾರಣಕ್ಕೆ ನೆನೆಯುವುದು ನ್ಯಾಯವಲ್ಲ.

1863ರಲ್ಲಿ ರೈಲು ಬಂದ ಮೇಲೆ ಟ್ರೂವಿಲ್ ಪ್ಯಾರಿಸ್‌ನ ಶ್ರೀಮಂತರ ವಿಹಾರತಾಣವಾಯಿತು. ಅಗಲ ಲಂಗದ ಮಹಿಳೆಯರು ಮರಳಿನ ಮೇಲೆ ಕುರ್ಚಿ ಹಾಕಿ ಕುಳಿತಿರುವ ಬೂದಾಂ ಅವರ ಚಿತ್ರಗಳಿಗೆ ಹೆಸರು ಬಂತು. ಕೈ ಬಿಗಿಯಿದ್ದ ಕಲಾವಿದನಿಗೆ ಇದು ಸಣ್ಣ ಆಸರೆಯೇನಲ್ಲ. ಆದರೆ 1867ರಲ್ಲಿ ಪತ್ನಿಯ ತವರು ಪ್ರಾಂತ್ಯ ಬ್ರಿಟನಿಯಲ್ಲಿ ಬಡ ರೈತರ ಬದುಕನ್ನು ಕಂಡು ಮರಳಿದಾಗ, ಟ್ರೂವಿಲ್‌ನ ಕಡಲತೀರ ಅವರಿಗೆ ವೇಷಗಾರರ ಜಾತ್ರೆಯಂತೆ ತೋರಿತು. ಅದನ್ನು ಚಿತ್ರಿಸಿದ್ದಕ್ಕೆ ನಾಚಿಕೆಪಟ್ಟು ಮಿತ್ರನಿಗೆ ಪತ್ರ ಬರೆದರು. ತೀರದ ಚಿತ್ರಗಳನ್ನು ಪೂರ್ತಿ ನಿಲ್ಲಿಸಲಿಲ್ಲವಾದರೂ, ಮುಂದಿನ ದಶಕಗಳಲ್ಲಿ ಬಂದರು, ನದಿ, ದೋಣಿ ಮತ್ತು ಟೂಕ್ ದಂಡೆಯ ಅಗಸಗಿತ್ತಿಯರೇ ಅವರ ಮುಖ್ಯ ವಸ್ತುವಾದರು.

ಈ ಚಿತ್ರಗಳು ಬಹುತೇಕ ಚಿಕ್ಕವು. ಅರ್ಧಕ್ಕೂ ಹೆಚ್ಚು ಜಾಗವನ್ನು ಮೋಡಗಳಿಗೇ ಬಿಟ್ಟಿರುತ್ತಾರೆ. ಕೆಳಗೆ ಕಪ್ಪು ಒಡಲಿನ ದೋಣಿಗಳು. ಅವುಗಳ ಕೂವೆಮರಗಳು ನೀರನ್ನೂ ಬಾನನ್ನೂ ಹೊಲಿಯುತ್ತವೆ. ಮನುಷ್ಯರು ಬಣ್ಣದ ಒಂದೆರಡು ಚುಕ್ಕೆ ಮಾತ್ರ. ಆದರೂ ದೋಣಿಯ ವಾಲಿಕೆ ನೋಡಿ ನೀರಿನ ಮಟ್ಟವನ್ನು ಹೇಳಬಹುದು.

1874ರಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿ ಪಾಲ್ಗೊಂಡ ಬೂದಾಂ ಮತ್ತೆ ಆ ಗುಂಪಿನತ್ತ ಹೋಗಲಿಲ್ಲ. ಮನ್ನಣೆ ತಡವಾಗಿ ಬಂತು. 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆತ ವರ್ಷವೇ ಪತ್ನಿ ತೀರಿಕೊಂಡರು. 1898ರ ಆಗಸ್ಟ್ 8ರಂದು ಟೂಕ್ ನದಿಯ ದಡದ ಡೋವಿಲ್‌ನಲ್ಲೇ ಬೂದಾಂ ನಿಧನರಾದರು. ಅವರ ಚಿತ್ರಶಾಲೆಯಲ್ಲಿ ಉಳಿದಿದ್ದ ಇನ್ನೂರಕ್ಕೂ ಹೆಚ್ಚು ಕೃತಿಗಳನ್ನು ಸೋದರ ಲೂಯಿ 1900ರಲ್ಲಿ ಲೆ ಹಾವ್ರ್ ನಗರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.