ಮನೆಯ ಗುಟ್ಟನ್ನು ಮರೆಮಾಡದ ಮಗಳು: ಪಂಡಿತಾ ರಮಾಬಾಯಿಯ ಚರಿತ್ರೆ

ಯಲ್ದೂರಿನ ಸುತ್ತಣ ಹಳ್ಳಿಗಳಿಂದ ದುಡಿಮೆಗಾಗಿ ಬೆಂಗಳೂರಿಗೆ ಹೋದ ಮಕ್ಕಳು ಹಬ್ಬಕ್ಕೆಂದು ಮನೆಗೆ ಬಂದಾಗ, ಕಾಗದದಲ್ಲಿ ಯಾರೂ ಬರೆಯದ ಸಂಗತಿಗಳು ಕಣ್ಣಿಗೆ ಬೀಳುವದುಂಟು. ಮಾವಿನ ತೋಪು ಸಾಲಕ್ಕೆ ಹೋಗಿರುವದು. ಗಂಡನ ಮನೆಯಿಂದ ಬಂದ ಅಕ್ಕನು ಅಡಿಗೆಮನೆಯ ಮೂಲೆಯಲ್ಲಿ ಅಳುತ್ತಿರುವಳು. ಮಾನ ಹೋದೀತೆಂಬ ಭಯದಿಂದ ಮನೆಯವರು ಬಾಯಿ ತೆರೆಯರು. ಇಂಥ ಮನೆಗಳಿಗೆ ಪ್ರಯೋಜನವಾಗುವದೆಂದು ಪಂಡಿತಾ ರಮಾಬಾಯಿಯ ಚರಿತ್ರೆಯನ್ನು ಈ ತಿಂಗಳಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಈಕೆಯು 1858ನೆಯ ಇಸವಿ ಏಪ್ರಿಲ್ 23ರಲ್ಲಿ, ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದಲ್ಲಿರುವ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದಳು. ತಂದೆಯಾದ ಅನಂತಶಾಸ್ತ್ರಿ ಡೋಂಗರೆಯು ಮರಾಠಿ ಮಾತಾಡುವ ಬ್ರಾಹ್ಮಣನು, ದೊಡ್ಡ ಪಂಡಿತನು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಜನರು ಎದುರಿಸಿದಾಗ್ಯೂ ಅವನು ತನ್ನ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದನು. ಆ ತಾಯಿಯೇ ಮುಂದೆ ರಮಾಬಾಯಿಗೆ ಗುರುವಾದಳು. ಆದರೆ ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕುತ್ತಾ ಶಾಸ್ತ್ರಿಯು ಸಾಲದಲ್ಲಿ ಮುಳುಗಿದನು. ಮಗುವಿಗೆ ಆರು ತಿಂಗಳಾಗಿದ್ದಾಗ ಮನೆಯನ್ನು ಬಿಡಬೇಕಾಯಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಇಳಿಸಿದರು. ಅಂದಿನಿಂದ ಆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುತ್ತಾ, ಪುರಾಣವನ್ನೋದಿ ಜೀವಿಸುತ್ತಿತ್ತು.

ಆ ಕುಟುಂಬದಲ್ಲಿ ಎರಡು ದುಃಖಗಳಿದ್ದವು. ಹಿರಿಯ ಮಗಳನ್ನು ಬಾಲ್ಯದಲ್ಲಿಯೇ ಒಬ್ಬ ಹುಡುಗನಿಗೆ ಮದುವೆಮಾಡಿ ಕೊಟ್ಟಿದ್ದರು. ಅವನು ವಿದ್ಯೆಯನ್ನು ಕಲಿಯದೆ ಕೆಟ್ಟುಹೋದನು. ವರ್ಷಗಳಾದ ಮೇಲೆ ಅವನು ಹೆಂಡತಿಯನ್ನು ಕೇಳಿಕೊಂಡು ಬಂದಾಗ ಜಗಳವು ನ್ಯಾಯಸ್ಥಾನದ ವರೆಗೂ ಹೋಯಿತು. ಆ ಅಕ್ಕನು ಕಡೆಗೆ ವಾಂತಿಭೇದಿಯಿಂದ ಸತ್ತಳು. ಈ ನೋವನ್ನು ಕಂಡ ತಂದೆಯು ರಮಾಬಾಯಿಗೆ ಬಾಲ್ಯವಿವಾಹ ಮಾಡಲಿಲ್ಲ.

ಎರಡನೆಯದು ಹಸಿವು. 1870ರ ನಂತರ ಮದ್ರಾಸ್ ಸೀಮೆಯಲ್ಲಿ ಬರಗಾಲ ಬಿದ್ದಾಗ ಅವರು ಒಡವೆ ಪಾತ್ರೆಗಳನ್ನೆಲ್ಲಾ ಮಾರಿದರು. ಕೂಲಿಮಾಡಲು ಜಾತಿಯ ಅಭಿಮಾನ ಬಿಡಲಿಲ್ಲ, ಬೇಡಲು ನಾಚಿಕೆ. ತಮ್ಮ ದುರವಸ್ಥೆಯನ್ನು ಯಾರೂ ಕಾಣಬಾರದೆಂದು ಕಾಡು ಸೇರಿ, ಹನ್ನೊಂದು ದಿವಸ ನೀರನ್ನೂ ಎಲೆಗಳನ್ನೂ ನುಂಗಿದರು. ತಂದೆಯು ಸತ್ತನು. ಕೆಲವು ತಿಂಗಳುಗಳ ಮೇಲೆ ರಾಯಚೂರಿನಲ್ಲಿ ತಾಯಿಯೂ ಸಾಯುವ ಸ್ಥಿತಿಗೆ ಬಂದು ರೊಟ್ಟಿಯನ್ನು ಬಯಸಿದಳು. ಮಗಳು ನೆರೆಮನೆಯ ಬಾಗಲಿಗೆ ಹೋಗಿ ನಿಂತಳು. ನಾಚಿಕೆಯಿಂದ ಬಾಯಿಂದ ಮಾತು ಹೊರಡಲೊಲ್ಲದು. ಬಹು ಕಷ್ಟದಿಂದ ಕೇಳಿದ ಮೇಲೆ ಆ ಮನೆಯಾಕೆಯು ರೊಟ್ಟಿಯನ್ನು ಕೊಟ್ಟಳು. ಆದರೆ ತಾಯಿಗೆ ಅದನ್ನು ನುಂಗುವ ಶಕ್ತಿಯು ಉಳಿದಿರಲಿಲ್ಲ. ಹೆಣವನ್ನು ಹೊರಲು ಜನ ಸಿಕ್ಕದೆ ಅಣ್ಣನಾದ ಶ್ರೀನಿವಾಸನೊಂದಿಗೆ ರಮಾಬಾಯಿಯೂ ಚಟ್ಟಕ್ಕೆ ಹೆಗಲಾಗಬೇಕಾಯಿತು. ಗಿಡ್ಡಳಾದ್ದರಿಂದ ಅದನ್ನು ತಲೆಯ ಮೇಲೆ ಹೊತ್ತಳು.

ಅಣ್ಣತಂಗಿಯರು ನಡೆದು ನಡೆದು 1878ರಲ್ಲಿ ಕಲ್ಕತ್ತೆಗೆ ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಆಕೆಯು ಬಂಗಾಳದ ವಕೀಲನಾದ ಬಿಪಿನ್ ಬಿಹಾರಿಯನ್ನು ಮದುವೆಯಾದಳು. 1882ರಲ್ಲಿ ಅವನೂ ತೀರಿಕೊಂಡನು. ಮಗಳಾದ ಮನೋರಮೆಯೊಂದಿಗೆ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದಳು. ತರುವಾಯ ಅಮೇರಿಕಾದಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಪುಸ್ತಕವನ್ನು ಬರೆದು, ಅದನ್ನು ತನ್ನ ತಾಯಿಯ ನೆನಪಿಗೆ ಅರ್ಪಿಸಿದಳು.

1889ರಲ್ಲಿ ಆಕೆಯು ಸ್ವದೇಶಕ್ಕೆ ಹಿಂದಿರುಗಿದಳು. ತಂದೆತಾಯಿ ಅಣ್ಣಅಕ್ಕಂದಿರಲ್ಲಿ ಒಬ್ಬರೂ ಎದುರುಗೊಳ್ಳಲು ಉಳಿದಿರಲಿಲ್ಲ. ಆದಾಗ್ಯೂ ಮನೆಯಿಲ್ಲದ ವಿಧವೆಯರಿಗೆ ತಾನೇ ಮನೆಯಾದಳು. ಅದೇ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದಳು. ಹುಡುಗಿಯರು ಆಕೆಯ ಪ್ರಾರ್ಥನೆಗೆ ಬರುತ್ತಾರೆಂದು 1893ರಲ್ಲಿ ಗದ್ದಲವೆದ್ದು, ಪೋಷಕರು ಅನೇಕರನ್ನು ಬಿಡಿಸಿಕೊಂಡು ಹೋದರು. ಆಕೆಯು ಕದಲಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂದಾಗ, ಹಿಂದೆ ತಾನು ಪಟ್ಟ ಹಸಿವು ಆಕೆಯನ್ನು ಸುಮ್ಮನೆ ಕೂಡ್ರಗೊಡಲಿಲ್ಲ. ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕರತಂದು ಕೇಡಗಾಂವಿಯಲ್ಲಿ ಮುಕ್ತಿ ಸದನವನ್ನು ಸ್ಥಾಪಿಸಿದಳು. ಇದೇ ಸಮಯದಲ್ಲಿ ತನ್ನ ಕುಟುಂಬದ ಹಸಿವಿನ ಕಥೆಯನ್ನು ಬರೆದು ಪ್ರಕಟಿಸಿದಳು; ಅಕ್ಕನ ಮದುವೆಯ ವ್ಯಥೆಯನ್ನೂ, ಕುಲಾಭಿಮಾನವು ತಮ್ಮನ್ನು ಕೂಲಿಯಿಂದ ತಡೆದದ್ದನ್ನೂ ಮುಚ್ಚಿಡಲಿಲ್ಲ. ಬರೆದಂತೆಯೇ ನಡೆದಳು. ಕೇಡಗಾಂವಿಯಲ್ಲಿ ಯಾವ ಕುಲದ ಹುಡುಗಿಯಾದರೂ ಕೈಕೆಲಸ ಕಲಿಯಬೇಕು: ನೇಯ್ಗೆ, ಎಣ್ಣೆಯ ಗಾಣ, ಹಾಲಿನ ಕೆಲಸ, ಅಚ್ಚುಕೂಟ. ತಂದೆಯ ಮನೆಯನ್ನು ಕೊಂದ ನಾಚಿಕೆಗೆ ಮಗಳ ಮನೆಯಲ್ಲಿ ಸ್ಥಳವಿರಲಿಲ್ಲ.

ಮನೋರಮೆಯೊಂದಿಗೆ ಕಲಬುರ್ಗಿಯಲ್ಲಿಯೂ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಳು. 1921ರಲ್ಲಿ ಆ ಮಗಳೂ ತೀರಿಕೊಂಡಳು. ಇಬ್ರಿಯ ಗ್ರೀಕ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸುಲಭ ಮರಾಠಿಗೆ ತಿರುಗಿಸುವ ಕೆಲಸವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ರಮಾಬಾಯಿಯು ಕರ್ತನ ಬಳಿಗೆ ಹೋದಳು.

ಸಹೋದರ ಸಹೋದರಿಯರೇ, ತಂದೆತಾಯಿಗಳನ್ನು ಸನ್ಮಾನಿಸುವದೆಂದರೆ ಅವರ ತಪ್ಪನ್ನು ಮರೆಮಾಡುವದೆಂದು ನಾವು ತಿಳಿಯಬಾರದು. ತಾಯಿಗೆ ಪುಸ್ತಕವನ್ನು ಅರ್ಪಿಸಿದ ಕೈಯೇ ಆ ಮನೆಯ ಹಸಿವನ್ನೂ ಬರೆಯಿತು. ಊರಿಗೆ ಬಂದವನು ಸಾಲದ ಪತ್ರವನ್ನು ಕಂಡರೆ ತಂದೆಯನ್ನು ನಿಂದಿಸದೆ ಅವನ ಪಕ್ಕದಲ್ಲಿ ಕೂತು ಲೆಕ್ಕ ನೋಡಲಿ; ಅಳುವ ಅಕ್ಕನನ್ನು ಕಂಡವಳು ಕಾರಣವನ್ನು ಕೇಳಲಿ. ನೆರೆಯವಳು ಬಾಗಲಲ್ಲಿ ಮಾತಿಲ್ಲದೆ ನಿಂತರೆ, ಆಕೆಯು ಬಾಯಿಬಿಟ್ಟು ಬೇಡುವ ತನಕ ಕಾಯದೆ ರೊಟ್ಟಿಯನ್ನು ಕೊಡೋಣ.