ನೈಟಿಂಗೇಲ್ ಕಲಿಸಿದ ಒಪ್ಪಂದದ ಪಾಠ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದವನು ನಾನು. ಅಲ್ಲಿನ ಶೇಂಗಾ ಬೆಳೆಗಾರರು, ರೇಷ್ಮೆ ಸೀರೆ ನೇಕಾರರು ಸಾಲ ಮಾಡಿ ಹೆಣ್ಣುಮಕ್ಕಳನ್ನು ನರ್ಸಿಂಗ್ ಶಾಲೆಗಳಿಗೆ ಸೇರಿಸುವುದನ್ನು ಕಂಡಿದ್ದೇನೆ. ಮುಂದೆ ಬೇರೊಂದು ಜಿಲ್ಲೆಯಲ್ಲಿ ಇಂಥ ಶಾಲೆಗಳ ತಪಾಸಣೆಗೆ ಹೋದಾಗ, ಮೂರು ಶಾಲೆಗಳು ಒಂದೇ ಆಸ್ಪತ್ರೆಯ ಅವೇ ಹಾಸಿಗೆಗಳನ್ನು ತಮ್ಮ ತರಬೇತಿಗೆಂದು ತೋರಿಸಿದ್ದವು. ಒಪ್ಪಂದಪತ್ರಗಳು ಕ್ರಮಬದ್ಧವಾಗಿದ್ದವು, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿನಿಯೂ ಇರಲಿಲ್ಲ. ಆಗ ನೆನಪಾದವರು ಫ್ಲಾರೆನ್ಸ್ ನೈಟಿಂಗೇಲ್.

1820ರಲ್ಲಿ ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರು ಮನೆಯವರ ವಿರೋಧವನ್ನು ಲೆಕ್ಕಿಸದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆ ಕಲಿತರು. 1854ರಲ್ಲಿ 38 ದಾದಿಯರೊಡನೆ, ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಗೆ ತೆರಳಿದರು. ಜನ ಇಂದಿಗೂ ನೆನೆಯುವುದು ಅವರ ಕೈಯ ದೀಪವನ್ನು. ಅರ್ಥಶಾಸ್ತ್ರ ಓದಿದ ನನಗೆ ಹಿರಿದೆನಿಸುವುದು ಅವರ ಅಂಕಿಅಂಶಗಳು. ಸೈನಿಕರು ಗಾಯಕ್ಕಿಂತ ರೋಗದಿಂದಲೇ ಹೆಚ್ಚಾಗಿ ಸತ್ತರೆಂಬುದನ್ನು ನಕ್ಷೆ ಸಹಿತ ಅವರು ತೋರಿಸಿಕೊಟ್ಟರು. ಭಾರತಕ್ಕೆ ಎಂದೂ ಬಾರದಿದ್ದರೂ, ಮೈಸೂರು ಸೀಮೆಯನ್ನು ಹಿಂಡಿದ 1876–78ರ ಧಾತು–ಈಶ್ವರ ಬರದ ಕಾಲದಲ್ಲಿ ಇಲ್ಲಿನ ಕ್ಷಾಮ, ನೀರಾವರಿಗಳ ಬಗ್ಗೆ ಬರೆದರು.

ಸಾರ್ವಜನಿಕರ ದೇಣಿಗೆಯಿಂದ ಕೂಡಿದ ನಿಧಿಯ ನೆರವಿನಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಆರಂಭವಾಯಿತು. ವಾರ್ಡು ಆಸ್ಪತ್ರೆಯದು, ತರಬೇತಿಯ ವೆಚ್ಚ ನಿಧಿಯದು. ಒಪ್ಪಂದ ಸೊಗಸಾಗಿತ್ತು. ಆದರೂ ಒಂದು ದಶಕ ಕಳೆಯುವಷ್ಟರಲ್ಲಿ ಪಾಠಗಳು ಸೊರಗಿದ್ದವು. ವಿದ್ಯಾರ್ಥಿನಿಯರ ದುಡಿಮೆ ಮಾತ್ರ ನಿಂತಿರಲಿಲ್ಲ. ಅನಾರೋಗ್ಯದಿಂದ ಬಹುಮಟ್ಟಿಗೆ ಮನೆಯಲ್ಲೇ ಉಳಿದಿದ್ದ ನೈಟಿಂಗೇಲ್ ಇದನ್ನರಿತು ಸುಮ್ಮನಿರಲಿಲ್ಲ. 1870ರ ದಶಕದಲ್ಲಿ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿ ಮಾತನಾಡಿಸಿದರು. ಅವರ ಕಲಿಕೆಯನ್ನು ನೋಡಿಕೊಳ್ಳಲು ಪ್ರತ್ಯೇಕವಾಗಿ ಒಬ್ಬ ಸಿಸ್ಟರ್ ನೇಮಕವಾಯಿತು. 1910ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಶಾಲೆಯ ಮಾದರಿ ಹಲವು ದೇಶಗಳಿಗೆ ಹಬ್ಬಿತ್ತು.

ಶಾಲೆ ಮತ್ತು ಆಸ್ಪತ್ರೆಗಳ ಒಪ್ಪಂದ ಸಹಿಯೊಂದಿಗೆ ಮುಗಿಯುವುದಿಲ್ಲ, ಆರಂಭವಾಗುತ್ತದೆ ಎಂಬುದೇ ಈ ಬದುಕಿನ ಪಾಠ. ಅಂದು ನಾನು ಹಾಸಿಗೆಗಳನ್ನು ಎಣಿಸಿದೆ, ಆಕ್ಷೇಪಣೆ ಬರೆದೆ, ಕಡತವನ್ನು ಮೇಲಕ್ಕೆ ಕಳುಹಿಸಿದೆ. ಈ ವಾರ ಯಾವ ರೋಗಿಯ ಆರೈಕೆ ಮಾಡಿದಿರಿ ಎಂದು ಒಬ್ಬ ವಿದ್ಯಾರ್ಥಿನಿಯನ್ನೂ ಕೇಳಲಿಲ್ಲ. ಮುಂದೆ ತಪಾಸಣೆಗೆ ಹೋಗುವವರು ಆ ಪ್ರಶ್ನೆಯನ್ನೇ ಮೊದಲು ಕೇಳಲಿ. ಚಳ್ಳಕೆರೆ, ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೇನೂ ಕೊರತೆಯಿಲ್ಲ. ಆ ಊರುಗಳ ಹೆಣ್ಣುಮಕ್ಕಳು ಅಲ್ಲಿಯೇ, ನುರಿತ ದಾದಿಯರ ಕಣ್ಣೆದುರಿನಲ್ಲಿ ಕಲಿಯುವಂತಾದರೆ, ಅವರ ತಂದೆತಾಯಿಯರು ಮಾಡಿದ ಸಾಲಕ್ಕೂ ಒಂದು ಅರ್ಥ ಬಂದೀತು.