ಲೇತ್ ಮುಂದೆ ನಿಂತ ದೊರೆ

ಮನೆಯಲ್ಲೊಂದು ಸಣ್ಣ ಲೇತ್ ಇದ್ದರೆ ಶೇವಿಂಗ್ ಬ್ರಶ್ ಮಾಡೋದು ಅಂಥ ದೊಡ್ಡ ಕೆಲಸವೇನಲ್ಲ. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ತಿರುಗುವಾಗ ಉಳಿ ಹಿಡಿದು, ಕೈಗೆ ಒಪ್ಪುವ ಹಾಗೆ ಹಿಡಿ ಕಡೆಯಬೇಕು. ಒಂದು ತುದಿಯಲ್ಲಿ ಕೂದಲಿನ ಕಟ್ಟು ಸರಿಯಾಗಿ ಕೂರುವಷ್ಟು ತೂತು ಕೊರೆದು, ಸ್ಯಾಂಡ್ ಪೇಪರ್ ಹಿಡಿದು ನುಣುಪು ಮಾಡಿ, ಅಂಟು ಹಾಕಿ ಕಟ್ಟನ್ನು ಕೂರಿಸಿದರೆ ಆಯ್ತು. ಲೇತ್‌ನಲ್ಲಿ ಕಡೆಯೋ ಹುಚ್ಚು, ಗಡ್ಡ ತೆಗೆಸೋ ಹುಚ್ಚು ಎರಡೂ ಒಬ್ಬನೇ ಮನುಷ್ಯನಿಗೆ ಇದ್ದು, ಅವನು ರಾಜನೂ ಆಗಿಬಿಟ್ಟರೆ ಏನಾಗಬಹುದು? ರಷ್ಯಾದ ಪೀಟರ್ ದಿ ಗ್ರೇಟ್ ಅಂಥವನು.

ಹುಟ್ಟಿದ್ದು 1672ರಲ್ಲಿ. ಹತ್ತನೇ ವಯಸ್ಸಿಗೇ ಸಿಂಹಾಸನ ಬಂತು, ಅದೂ ಮಲಅಣ್ಣನ ಜೊತೆ ಹಂಚಿಕೊಂಡು. ಅದೇ ವರ್ಷ ಸೈನಿಕರು ದಂಗೆ ಎದ್ದು ಅವನ ತಾಯಿಯ ಕಡೆಯವರನ್ನು ಕ್ರೆಮ್ಲಿನ್ ಒಳಗೇ ಕೊಂದರು. ಆಮೇಲೆ ಹುಡುಗ ಹೆಚ್ಚಾಗಿ ಬೆಳೆದದ್ದು ಮಾಸ್ಕೋ ಹೊರಗಿನ ಒಂದು ಹಳ್ಳಿಯಲ್ಲಿ. ಅಲ್ಲಿ ಬಡಗಿ, ಕಮ್ಮಾರರ ಉಪಕರಣ ತರಿಸಿಕೊಂಡು ಕೆಲಸ ಕಲಿತ. 1697ರಲ್ಲಿ ಹೆಸರು ಬದಲಿಸಿಕೊಂಡು ಹಾಲೆಂಡಿಗೆ ಹೋಗಿ, ಆಮ್‌ಸ್ಟರ್‌ಡ್ಯಾಂನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯಲ್ಲಿ ಕೆಲಸಗಾರರ ಜೊತೆ ದುಡಿದ. ಎರಡು ಮೀಟರ್ ಎತ್ತರದ ಆಳು, ಹೆಸರು ಬದಲಿಸಿದರೆ ಮಾತ್ರ ಅಡಗಿಕೊಳ್ಳೋಕಾಗುತ್ತಾ? ಇರ್ಲಿ, ಹಡಗು ಕಟ್ಟೋ ಕೆಲಸಕ್ಕೆ ಸರ್ಟಿಫಿಕೇಟ್ ಅಂತೂ ತಗೊಂಡ.

1698ರಲ್ಲಿ ಊರಿಗೆ ವಾಪಸ್ ಬಂದವನು ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, ತನ್ನನ್ನು ನೋಡಲು ಬಂದ ಶ್ರೀಮಂತರ ಗಡ್ಡವನ್ನು ಕೈಯಾರೆ ಕತ್ತರಿಸಿದ್ದು. ಯುರೋಪಿನವರ ಹಾಗೆ ಕಾಣಬೇಕು ಅನ್ನೋದು ಅವನ ಲೆಕ್ಕ. ಆದರೆ ಅವರಿಗೆ ಗಡ್ಡ ಫ್ಯಾಶನ್ ಅಲ್ಲ, ದೇವರು ಕೊಟ್ಟ ರೂಪ. 1705ರ ಆಜ್ಞೆಯಲ್ಲಿ ಗಡ್ಡಕ್ಕೆ ತೆರಿಗೆ ಬಿತ್ತು: ಆಸ್ಥಾನದವರಿಗೆ ವರ್ಷಕ್ಕೆ 60 ರೂಬಲ್, ದೊಡ್ಡ ವ್ಯಾಪಾರಿಗಳಿಗೆ 100. ರೈತ ಪೇಟೆಯ ಬಾಗಿಲು ದಾಟಿದಾಗಲೆಲ್ಲ ಒಂದು ಕೊಪೆಕ್. ಕಟ್ಟಿದವರಿಗೆ ಮೂಗು, ಮೀಸೆ, ಗಡ್ಡದ ಚಿತ್ರವಿರೋ ಬಿಲ್ಲೆ ಸಿಗ್ತಿತ್ತು. ಪೀಟರ್ ಕರೆತಂದಿದ್ದ ಇಂಗ್ಲಿಷ್ ಎಂಜಿನಿಯರ್ ಜಾನ್ ಪೆರಿ ಒಬ್ಬ ಮುದುಕ ಬಡಗಿಯ ಬಗ್ಗೆ ಬರೆದಿದ್ದಾನೆ. ಆ ಬಡಗಿ ಕತ್ತರಿಸಿದ ಗಡ್ಡವನ್ನು ಅಂಗಿಯೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದ, ಸತ್ತಾಗ ತನ್ನ ಶವಪೆಟ್ಟಿಗೆಗೆ ಹಾಕಿಸಿಕೊಳ್ಳೋದಕ್ಕೆ.

ಇದೇ ದೊರೆ ಲೇತ್ ಮುಂದೆ ಬೇರೆಯೇ ಮನುಷ್ಯ. ಸೇಂಟ್ ಪೀಟರ್ಸ್‌ಬರ್ಗಿನ ಅವನ ಬೇಸಿಗೆ ಅರಮನೆಯಲ್ಲಿ ಲೇತ್‌ಗೆ ಅಂತಲೇ ಒಂದು ಕೋಣೆ. ಮರ, ಮೂಳೆ, ದಂತದಲ್ಲಿ ನಶ್ಯದ ಡಬ್ಬಿಯಿಂದ ಹಿಡಿದು ಚರ್ಚಿಗೆ ಕೊಟ್ಟ ತೂಗುದೀಪದವರೆಗೆ ಕಡೆದ. 1712ರಲ್ಲಿ ಆಂದ್ರೇ ನಾರ್ತೊವ್ ಎಂಬ ಹತ್ತೊಂಬತ್ತರ ಆಸುಪಾಸಿನ ಹುಡುಗನನ್ನು ಮಾಸ್ಕೋದಿಂದ ಕರೆಸಿಕೊಂಡ. ನಾವು ಮಷೀನ್ ಶಾಪ್ ಲ್ಯಾಬ್‌ನಲ್ಲಿ ಟೂಲ್ ಪೋಸ್ಟ್‌ಗೆ ಟೂಲ್ ಬಿಗಿದು ಹ್ಯಾಂಡಲ್ ತಿರುಗಿಸ್ತೀವಲ್ಲ, ಆಗ ಬಹುಪಾಲು ಟರ್ನರ್‌ಗಳು ಉಳಿಯನ್ನು ಕೈಯಲ್ಲೇ ಹಿಡಿದು ಒತ್ತಬೇಕಿತ್ತು. ನಾರ್ತೊವ್ ಲೇತ್‌ಗಳಲ್ಲಿ ಯಂತ್ರವೇ ಟೂಲ್ ಹಿಡಿಯುತ್ತಿತ್ತು. ಒಂದೇ ದಂಡದ ಮೇಲೆ ಮಾದರಿಯೂ ಕಡೆಯಬೇಕಾದ ತುಂಡೂ ತಿರುಗುತ್ತಿದ್ದವು. ಒಂದು ಕಡ್ಡಿ ಮಾದರಿಯ ಉಬ್ಬುತಗ್ಗನ್ನು ಸವರಿಕೊಂಡು ಹೋದರೆ ಟೂಲ್ ಅದನ್ನೇ ತುಂಡಿನ ಮೇಲೆ ಕೆತ್ತುತ್ತಿತ್ತು. ಹೆನ್ರಿ ಮಾಡ್ಸ್ಲಿಯ ಹೆಸರಾಂತ ಲೇತ್ ಬರೋದು ಆ ಶತಮಾನದ ಕೊನೆಗೆ. ನಾರ್ತೊವ್‌ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಸಿಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಪೀಟರ್‌ಗೆ ಹಲ್ಲು ಕೀಳೋ ಹವ್ಯಾಸವೂ ಇತ್ತು. ಅವನು ಕಿತ್ತ ಹಲ್ಲುಗಳು ಅವನೇ ಕಟ್ಟಿಸಿದ ಮ್ಯೂಸಿಯಂನಲ್ಲಿ ಈಗಲೂ ಇವೆ. ನಗು ಬರುತ್ತೆ. ಆದರೆ ಹತ್ತಿರದಲ್ಲಿದ್ದವರಿಗೆ ನಗು ಬರುತ್ತಿರಲಿಲ್ಲ.

ಮಗ ಅಲೆಕ್ಸೀಗೆ ಯುದ್ಧ, ಕೋಟೆ, ಯಂತ್ರ ಯಾವುದೂ ರುಚಿಸಲಿಲ್ಲ. ಅಪ್ಪನಿಗೆ ಅವನು ತನ್ನ ಮಾದರಿಯಲ್ಲೇ ಆಗಬೇಕು. ಕಲಿತದ್ದನ್ನು ಮರೆತಿದ್ದೀಯಾ ಅಂತ ಒಮ್ಮೆ ಕೇಳಿ, ಡ್ರಾಯಿಂಗ್‌ಗಳನ್ನು ತರಲು ಹೇಳಿದ. ಎದುರಿಗೆ ಕೂರಿಸಿ ಬರೆಸ್ತಾನೆ ಅನ್ನೋ ಹೆದರಿಕೆಗೆ ಅಲೆಕ್ಸೀ ತನ್ನ ಬಲಗೈಗೇ ಪಿಸ್ತೂಲು ಹಾರಿಸಿಕೊಂಡ. ಗುಂಡು ತಪ್ಪಿತು, ಮದ್ದಿಗೆ ಕೈ ಸುಟ್ಟಿತು. ಎಂಜಿನಿಯರಿಂಗ್ ಡ್ರಾಯಿಂಗ್ ಪರೀಕ್ಷೆಗೆ ಹೆದರಿದ ನಾವ್ಯಾರೂ ಅಲ್ಲಿವರೆಗೆ ಹೋಗಿಲ್ಲ. 1716ರಲ್ಲಿ ದೇಶ ಬಿಟ್ಟು ಓಡಿದ. ಕ್ಷಮಿಸುತ್ತೇನೆ ಅಂತ ನಂಬಿಸಿ ವಾಪಸ್ ಕರೆಸಿದರು. ಚಾಟಿ ಏಟಿನ ವಿಚಾರಣೆ ನಡೆದು ಮರಣದಂಡನೆ ಘೋಷಣೆಯಾಯಿತು. ಅದು ಜಾರಿಯಾಗುವ ಮೊದಲೇ, 1718ರ ಜೂನ್‌ನಲ್ಲಿ, ಕೋಟೆಯ ಸೆರೆಯಲ್ಲೇ ಸತ್ತ. ಅದೇ ವರ್ಷ ಪೀಟರ್ ನಾರ್ತೊವ್‌ನನ್ನು ಇನ್ನಷ್ಟು ಕಲಿತು ಬಾ ಅಂತ ಯುರೋಪಿಗೆ ಕಳಿಸಿದ. ಅವನ ಒಂದು ಲೇತ್ ಪ್ಯಾರಿಸ್‌ನಲ್ಲೇ ಉಳಿದು, ಈಗಲೂ ಅಲ್ಲಿನ ಮ್ಯೂಸಿಯಂನಲ್ಲಿದೆ.

1725ರಲ್ಲಿ, 52ನೇ ವಯಸ್ಸಿಗೆ ಪೀಟರ್ ತೀರಿಕೊಂಡ. ಮಗ ಸತ್ತ ಕೋಟೆಯೊಳಗಿನ ಚರ್ಚಿನಲ್ಲೇ ಅವನ ಸಮಾಧಿ, ಮಗನದೂ ಅಲ್ಲೇ. ಗಡ್ಡದ ತೆರಿಗೆ 1772ರವರೆಗೂ ಎಳೆಯಿತು. ಲೇತ್ ಕೋಣೆಗೆ ದೊರೆಯೇ ಇಲ್ಲವಾದ ಮೇಲೆ ನಾರ್ತೊವ್ ಮಾಸ್ಕೋದ ಟಂಕಸಾಲೆಗೆ ಹೋಗಿ ನಾಣ್ಯದ ಯಂತ್ರಗಳನ್ನು ಸರಿಪಡಿಸಿದ. ಆಮೇಲೆ ಫಿರಂಗಿ ಕೆಲಸಕ್ಕಿಳಿದು, 44 ಸಣ್ಣ ಫಿರಂಗಿಗಳನ್ನು ಒಂದೇ ಚಕ್ರದ ಮೇಲೆ ಸುತ್ತಲೂ ಕೂರಿಸಿದ.